ಸಾಮಾಜಿಕ ನ್ಯಾಯ ಸಮಿತಿಗೆ ಹೆಸರು ಸೇರಿಸಿದ್ದಾರೆ, ಕೆಲಸ ಏನೆಂದು ಯಾರೂ ಹೇಳಿಲ್ಲ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಹಳ್ಳಿಯವಳು. ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿದ್ದೇನೆ. ನನ್ನನ್ನೂ ಇನ್ನೊಬ್ಬ ಅಕ್ಕನನ್ನೂ ಪಂಚಾಯಿತಿಯ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಗೆ ಸೇರಿಸಿಕೊಂಡಿದ್ದಾರೆ. ಎರಡು ಸಲ ಕರೆದರು, "ಇಲ್ಲಿ ಸಹಿ ಹಾಕ್ರಿ ಅಕ್ಕೋರೆ" ಅಂದರು, ಚಹಾ ಕುಡಿಸಿ ಕಳಿಸಿದರು. ಸಮಿತಿಯಲ್ಲಿದ್ದೇವೆಂದು ಗೊತ್ತಾದ ಮೇಲೆ ಹೆಣ್ಣುಮಕ್ಕಳು ಮನೆಗೇ ಬರುತ್ತಿದ್ದಾರೆ. ಗಂಡ ಹೊಡೆದದ್ದು, ಹತ್ತಿ ಮಿಲ್ಲಿನಲ್ಲಿ ಕಾಡುವುದು, ಸಣ್ಣ ಹುಡುಗಿಯ ಲಗ್ನ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ನಮ್ಮ ಕೈಯಲ್ಲಿ ಏನು ಅಧಿಕಾರ ಇದೆ? ಎಲ್ಲಿಂದ ಶುರು ಮಾಡಬೇಕು? ಮಾರ್ಚ್ 8ರ ಕಾರ್ಯಕ್ರಮ ಹೇಗೆ ಮಾಡೋಣ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬೇರೆ ಕೇಳಿದ್ದಾರೆ.

ಉತ್ತರ: ಅಧಿಕಾರದ ಮಾತು ಮೊದಲು ಮುಗಿಸೋಣ. ನಿಮ್ಮ ಸಮಿತಿ ಹುಟ್ಟಿದ್ದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 61ನೇ ಪ್ರಕರಣದಿಂದ. ಪಂಚಾಯಿತಿಗೆ ಇರಲೇಬೇಕಾದ ಸ್ಥಾಯಿ ಸಮಿತಿಗಳಲ್ಲಿ ಇದೂ ಒಂದು. ಉಪಾಧ್ಯಕ್ಷರೇ ಇದರ ಅಧ್ಯಕ್ಷರು. ಸದಸ್ಯರಲ್ಲಿ ಒಬ್ಬ ಮಹಿಳೆ ಮತ್ತು ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರು ಕಡ್ಡಾಯ. ಮಹಿಳಾ ಮಂಡಲದಂಥ ಸಂಘಗಳಿಂದ ಹೊರಗಿನವರನ್ನು ಸೇರಿಸಿಕೊಳ್ಳಲು ಅವಕಾಶವಿದೆ, ನೀವಿಬ್ಬರು ಬಂದದ್ದು ಆ ಬಾಗಿಲಿನಿಂದ. ಕೆಲಸ ಮೂರು: ಪರಿಶಿಷ್ಟರು ಮತ್ತು ಹಿಂದುಳಿದವರ ಶಿಕ್ಷಣ, ಆರ್ಥಿಕ, ಸಾಮಾಜಿಕ ಹಿತ, ಅವರನ್ನು ಅನ್ಯಾಯ ಮತ್ತು ಶೋಷಣೆಯಿಂದ ಕಾಯುವುದು, ಮಹಿಳೆಯರು ಮತ್ತು ಮಕ್ಕಳ ಕಲ್ಯಾಣ. ಇದರ ಜೊತೆಗೇ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಪಂಚಾಯಿತಿ ಎಷ್ಟು ಅಧಿಕಾರ ವಹಿಸಿಕೊಟ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಸ್ಥಾಯಿ ಸಮಿತಿ ಕೆಲಸ ಮಾಡಬಹುದು. ಅಂದರೆ ನೀವು ಯಾರಿಗೂ ಆದೇಶ ಕೊಡುವವರಲ್ಲ. ಬರೆದು ಕೇಳಬಹುದು, ಬರೆದ ಉತ್ತರ ತರಿಸಬಹುದು, ಉತ್ತರ ಬರದಿದ್ದರೆ ಅದೂ ನಡಾವಳಿಯಲ್ಲಿ ಕೂಡುವಂತೆ ನೋಡಿಕೊಳ್ಳಬಹುದು. ಸ್ಥಾಯಿ ಸಮಿತಿಗೆ ಇಷ್ಟೇನಾ ಎನ್ನಬೇಡಿ. ನಮ್ಮ ಕಡೆಯ ಪಂಚಾಯಿತಿಗಳಲ್ಲಿ ನಿಂತ ಕೆಲಸಗಳಲ್ಲಿ ಬಹುಪಾಲು ದುಡ್ಡಿಲ್ಲದೆ ನಿಂತದ್ದಲ್ಲ, ಯಾರೂ ಬರೆದು ಕೇಳದ್ದರಿಂದ ನಿಂತದ್ದು.

ಹಾಗಾಗಿ ಮೊದಲ ಭೇಟಿಯಲ್ಲಿ ಮೂರು ಕಾಗದ ನೋಡಿ. ಸಮಿತಿ ರಚಿಸಿದ ಸಾಮಾನ್ಯ ಸಭೆಯ ನಿರ್ಣಯ, ಅದರಲ್ಲಿ ನಿಮ್ಮ ಹೆಸರು ಮತ್ತು ದಿನಾಂಕ. ಅಧಿಕಾರ ವಹಿಸಿಕೊಟ್ಟ ನಿರ್ಣಯ. ಬಹಳ ಕಡೆ ಇದು ಇರುವುದೇ ಇಲ್ಲ. ಇಲ್ಲದಿದ್ದರೆ ನಿಮ್ಮ ಮೊದಲ ಶಿಫಾರಸೇ ಅದು: "ಅಂಗನವಾಡಿ, ಶಾಲಾ ಹಾಜರಾತಿ, ಮಹಿಳಾ ಶೌಚಾಲಯ, ಬೀದಿದೀಪ, ಮಹಿಳಾ ಗ್ರಾಮ ಸಭೆ, ಈ ಐದು ವಿಷಯಗಳ ಪರಿಶೀಲನೆಯನ್ನು ಸಮಿತಿಗೆ ವಹಿಸಬೇಕು." ಮೂರನೆಯದು ಸಮಿತಿಯ ನಡಾವಳಿ ಪುಸ್ತಕ. ಹಿಂದಿನ ಪುಟಗಳನ್ನು ತಿರುವಿ ನೋಡಿ. ನೀವು ಸಹಿ ಹಾಕಿದ ಎರಡು ಸಭೆಗಳಲ್ಲಿ ಏನು ತೀರ್ಮಾನವಾಯಿತೆಂದು ಆಗ ಗೊತ್ತಾಗುತ್ತದೆ.

ಸಹಿ ಹಾಕುವುದಕ್ಕೂ ಒಂದು ಕ್ರಮವಿದೆ. ಖಾಲಿ ಪುಟಕ್ಕೆ ಬೇಡ. ಹಾಜರಾತಿಗೆ ಬೇರೆ ಸಹಿ, ನಡಾವಳಿಗೆ ಬೇರೆ ಸಹಿ. ವಿಷಯಗಳಿಗೆ ಸಂಖ್ಯೆ ಇರಬೇಕು. ಕೊನೆಯ ವಿಷಯ ಮುಗಿದ ಕೂಡಲೇ ಅಡ್ಡಗೆರೆ ಎಳೆದು, ಆ ಗೆರೆಗೆ ತಾಗಿದಂತೆ ಹೆಸರು, ಸಹಿ, ದಿನಾಂಕ ಹಾಕಿ. ಗೆರೆಗೂ ಸಹಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟರೆ ಅಲ್ಲಿ ನಾಳೆ ಇನ್ನೊಂದು ವಿಷಯ ಹುಟ್ಟಬಹುದು. "ಆಮೇಲೆ ಬರಕೋತೀವಿ, ನೀವು ಸಹಿ ಹಾಕಿ ಹೋಗ್ರಿ" ಅಂದರೆ "ಬರೀರಿ ಸರ್, ನಾವು ಕೂತಿರ್ತೀವಿ" ಅನ್ನಿ. ಜಗಳ ಬೇಡ, ಕೂತರೆ ಸಾಕು. ಹೊರಗಿನಿಂದ ಸೇರಿದ ಸದಸ್ಯರಿಗೆ ಮತ ಇದೆಯೋ ಇಲ್ಲವೋ ಎಂಬ ವಾದಕ್ಕೂ ಇಳಿಯಬೇಡಿ. ನಿಮ್ಮ ಮಾತು ನಿಮ್ಮ ಹೆಸರಿನೊಂದಿಗೆ ನಡಾವಳಿಗೆ ಬಂತೇ ಎಂಬುದನ್ನಷ್ಟೇ ನೋಡಿಕೊಳ್ಳಿ.

ಇನ್ನು ಎಲ್ಲಿಂದ ಶುರು ಎಂಬುದು. ಹೊಸ ಸಮಿತಿಗಳು ಸಾಮಾನ್ಯವಾಗಿ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತವೆ: ಸಾರಾಯಿ, ವರದಕ್ಷಿಣೆ, ಮೊಬೈಲು, ಶಿಕ್ಷಣ. ಮೂರು ಸಭೆ ಮುಗಿಯುವಷ್ಟರಲ್ಲಿ ಎಲ್ಲರಿಗೂ ಸಾಕಾಗಿರುತ್ತದೆ. ಮೊದಲ ಆರು ತಿಂಗಳಿಗೆ ಒಂದೇ ಒಂದು ಕೆಲಸ ಹಿಡಿಯಿರಿ. ಅದು ಕಣ್ಣಿಗೆ ಕಾಣುವಂಥದ್ದು, ಎಣಿಸಬಹುದಾದದ್ದು, ಪಂಚಾಯಿತಿಯ ಕೈಯೊಳಗೇ ಮುಗಿಯುವಂಥದ್ದು ಆಗಿರಲಿ. ನನ್ನ ಆಯ್ಕೆ ಬೀದಿದೀಪ ಮತ್ತು ಹೆಣ್ಣುಮಕ್ಕಳ ಸಂಡಾಸದ ದಾರಿ. ಬೀದಿದೀಪವೇನು ಮಹಿಳೆಯರ ವಿಷಯವೇ ಎಂದು ಕೇಳುವವರು ಸಿಗುತ್ತಾರೆ. ಬೆಳಗಿನ ಐದಕ್ಕೆ ಚೆಂಬು ಹಿಡಿದು ಕತ್ತಲಲ್ಲಿ ಹೋಗುವವರು ಯಾರು ಎಂದು ಅವರನ್ನೇ ಕೇಳಿ.

ಇದನ್ನು ಮಾಡುವ ಬಗೆ ಹೀಗೆ. ಬೇರೆ ಬೇರೆ ಓಣಿಗಳ ಆರೆಂಟು ಹೆಂಗಸರು ಸೇರಿ ಎರಡು ಸಲ ನಡೆಯಿರಿ, ಒಮ್ಮೆ ಬೆಳಗಿನ ಐದಕ್ಕೆ, ಒಮ್ಮೆ ರಾತ್ರಿ ಏಳೂವರೆಗೆ. ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಹುಣ್ಣಿಮೆಯ ಬೆಳಕಿನಲ್ಲಿ ಕತ್ತಲ ಜಾಗಗಳು ಕಾಣುವುದಿಲ್ಲ, ಪಟ್ಟಿ ತಪ್ಪಾಗುತ್ತದೆ. ಅಗಸಿಯಿಂದ ಹೊರಟು ಶಾಲೆ, ಅಂಗನವಾಡಿ, ನಳ, ಸಾಮೂಹಿಕ ಶೌಚಾಲಯ, ಬಸ್ ನಿಲ್ಲುವ ಜಾಗ, ತಾಂಡಾದ ದಾರಿ, ಇಷ್ಟನ್ನೂ ಮುಟ್ಟಿ. ಪುಸ್ತಕದಲ್ಲಿ ಐದು ಕಲಂ ಸಾಕು: ಕಂಬದ ಸಂಖ್ಯೆ, ದೀಪ ಇದೆಯೇ, ಉರಿಯುತ್ತಿದೆಯೇ, ಎದುರಿಗೆ ಏನಿದೆ, ಕಾರಣ ಏನಿರಬಹುದು. ಕಂಬದ ಮೇಲೆ ಸಂಖ್ಯೆ ಅಳಿಸಿದ್ದರೆ ಎದುರಿನ ಮನೆಯ ಸಂಖ್ಯೆ ಬರೆಯಿರಿ. "ಗುಡಿ ಹಿಂದಿನ ಕಂಬ" ಎಂದು ಬರೆದರೆ ಯಾವ ಗುಡಿ ಎಂಬಲ್ಲಿಗೆ ಮಾತು ನಿಂತುಹೋಗುತ್ತದೆ.

ಕಾರಣದ ಕಲಂ ಮುಖ್ಯ, ಯಾಕೆಂದರೆ ಕಾರಣ ಬದಲಾದಂತೆ ಹೊಣೆಗಾರರೂ ಬದಲಾಗುತ್ತಾರೆ. ದೀಪ ಸುಟ್ಟಿದ್ದರೆ, ಫಿಟ್ಟಿಂಗ್ ಬಿದ್ದಿದ್ದರೆ, ಸ್ವಿಚ್ ಅಥವಾ ಟೈಮರ್ ಕೆಟ್ಟಿದ್ದರೆ ಅದು ಪಂಚಾಯಿತಿಯ ಕೆಲಸ. ಕಂಬ ವಾಲಿದ್ದರೆ, ತಂತಿ ಹರಿದಿದ್ದರೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂ ಕೆಲಸ. ಇವೆರಡರ ನಡುವೆಯೇ ಅರ್ಧ ಊರಿನ ಕತ್ತಲು ಇರುವುದು. ಪಂಚಾಯಿತಿಯವರು ಜೆಸ್ಕಾಂ ಕಡೆ ಬೆರಳು ತೋರಿಸುತ್ತಾರೆ, ಲೈನ್‌ಮನ್ ಪಂಚಾಯಿತಿ ಕಡೆ. ಹಗಲೂ ದೀಪ ಉರಿಯುವ ಓಣಿ ಇದ್ದರೆ ಅದನ್ನೂ ಬರೆದುಕೊಳ್ಳಿ. ಬೀದಿದೀಪಕ್ಕೆ ಪ್ರತ್ಯೇಕ ತಂತಿ ಎಳೆಯದೆ ನೇರ ಕೊಟ್ಟ ಕಡೆ ಹೀಗಾಗುತ್ತದೆ. ಅಲ್ಲಿ ದೀಪ ಬೇಗ ಸುಡುತ್ತವೆ, ಕರೆಂಟ್ ಬಿಲ್ಲೂ ಪಂಚಾಯಿತಿಯ ತಲೆಗೇ ಬರುತ್ತದೆ. ಈ ಒಂದು ಸಾಲು ತೋರಿಸಿದರೆ ಹೆಂಗಸರ ಮಾತಿಗೆ ಕಿವಿಗೊಡದ ಸದಸ್ಯರೂ ಕುರ್ಚಿಯಲ್ಲಿ ಮುಂದೆ ಬಾಗುತ್ತಾರೆ, ಬಿಲ್ಲಿನ ಮಾತಲ್ಲವೇ.

ಶೌಚಾಲಯದಲ್ಲಿ ನೋಡಬೇಕಾದವು: ಒಳಚಿಲಕ ಬೀಳುತ್ತದೆಯೇ, ಒಳಗೆ ದೀಪ ಇದೆಯೇ, ನೀರು ಎಲ್ಲಿಂದ ಬರುತ್ತದೆ, ಗುಂಡಿ ತುಂಬಿದೆಯೇ, ಬೀಗದ ಕೈ ಯಾರ ಮನೆಯಲ್ಲಿದೆ. ಕಟ್ಟಡ ಚೆನ್ನಾಗಿದ್ದೂ ಯಾರೂ ಹೋಗದಿದ್ದರೆ ಈ ಐದರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಹೆಚ್ಚಿನ ಪಾಲು ನೀರಿನದೇ. ನಳದ ನೀರು ಬಿಡುವ ಹೊತ್ತು ಒಂದು, ಹೆಂಗಸರು ಶೌಚಕ್ಕೆ ಹೋಗುವ ಹೊತ್ತು ಇನ್ನೊಂದು. ಮೇಲೆ ಟಾಕಿ ಇಲ್ಲದಿದ್ದರೆ ಎರಡೂ ಕೂಡುವುದೇ ಇಲ್ಲ. ಮುಟ್ಟಿನ ಬಟ್ಟೆ ಹಾಕಲು ಮುಚ್ಚಳದ ಡಬ್ಬಿ ಇಲ್ಲದ ಕಡೆ ಗುಂಡಿಯ ಪೈಪು ಕಟ್ಟಿಕೊಳ್ಳುತ್ತದೆ. ಆಮೇಲೆ ಬೈಗುಳ ಹೆಂಗಸರಿಗೇ.

ಪಟ್ಟಿ ತಯಾರಾದ ಮೇಲೆ ನಿರ್ಣಯ. ಸಾಮಾನ್ಯವಾಗಿ ಬರೆಯುವುದು ಹೀಗೆ: "ಮಹಿಳೆಯರ ಸುರಕ್ಷತೆಗೆ ಅಗತ್ಯ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಇದರಿಂದ ಒಂದು ಬಲ್ಬೂ ಹತ್ತುವುದಿಲ್ಲ. ಯಾರು, ಯಾವುದು, ಯಾವಾಗ ಎಂಬ ಮೂರೂ ಅದರಲ್ಲಿಲ್ಲ. ನೀವು ಹೀಗೆ ಬರೆಸಿ:

"ವಿಷಯ 2: ಅಂಗನವಾಡಿಯಿಂದ ಮಹಿಳಾ ಶೌಚಾಲಯದವರೆಗಿನ 9 ಕಂಬಗಳಲ್ಲಿ 4ರಲ್ಲಿ ದೀಪ ಉರಿಯುತ್ತಿಲ್ಲ (ಪಟ್ಟಿ ಲಗತ್ತಿಸಿದೆ). 3 ಕಂಬಗಳ ದೀಪವನ್ನು 15 ದಿನಗಳೊಳಗೆ ಪಂಚಾಯಿತಿಯಿಂದ ಬದಲಿಸುವುದು, ಹೊಣೆ ಕಾರ್ಯದರ್ಶಿ. ತಂತಿ ಇಲ್ಲದ 1 ಕಂಬದ ಬಗ್ಗೆ ಜೆಸ್ಕಾಂ ಶಾಖಾಧಿಕಾರಿಗೆ 3 ದಿನಗಳೊಳಗೆ ಪತ್ರ ಬರೆಯುವುದು, ಹೊಣೆ ಪಿಡಿಒ. ಎರಡರ ವರದಿಯನ್ನೂ ಮುಂದಿನ ಸಭೆಯಲ್ಲಿ ಮಂಡಿಸುವುದು. ಈ ಶಿಫಾರಸನ್ನು ಮುಂದಿನ ಸಾಮಾನ್ಯ ಸಭೆಯ ವಿಷಯ ಪಟ್ಟಿಗೆ ಸೇರಿಸುವುದು."

ಕೊನೆಯ ವಾಕ್ಯ ಬರೆಸದಿದ್ದರೆ ಮೇಲಿನದೆಲ್ಲ ಸಮಿತಿಯ ಪುಸ್ತಕದಲ್ಲೇ ಮಲಗುತ್ತದೆ. ಮುಂದಿನ ಸಭೆಯ ಮೊದಲ ವಿಷಯ ಯಾವಾಗಲೂ "ಹಿಂದಿನ ಸಭೆಯ ತೀರ್ಮಾನಗಳ ಪಾಲನೆ" ಆಗಿರಲಿ. ಆಗಿದ್ದಕ್ಕೆ ಆಯಿತು, ಆಗದ್ದಕ್ಕೆ ಯಾಕೆ ಆಗಲಿಲ್ಲ, ಒಂದೊಂದು ಸಾಲು.

ದುಡ್ಡಿನ ವಿಷಯದಲ್ಲಿ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು ದೊಡ್ಡದು. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಕೆಲಸ ಅಕ್ಟೋಬರ್ 2ರ ಸುಮಾರಿಗೆ ಶುರುವಾಗಿ ಚಳಿಗಾಲದಲ್ಲಿ ಮುಗಿಯುತ್ತದೆ. ಮಾರ್ಚ್‌ನಲ್ಲಿ ಹೋಗಿ ಟಾಕಿ ಕೇಳಿದರೆ "ಆಕ್ಷನ್ ಪ್ಲಾನ್ ಆಗಿಬಿಟ್ಟದ" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ನೀವು ಒಕ್ಕೂಟದವರು, ನಿಮಗೆ ಇನ್ನೊಂದು ದಾರಿ ಇದೆ. ಸ್ವಸಹಾಯ ಸಂಘಗಳಿಂದ ಬೇಡಿಕೆ ಸಂಗ್ರಹಿಸಿ ಮಾಡುವ ವಿಪಿಆರ್‌ಪಿ, ಅಂದರೆ ಗ್ರಾಮ ಸಮೃದ್ಧಿ ಯೋಜನೆ, ಪಂಚಾಯಿತಿ ಯೋಜನೆಯೊಳಗೆ ಸೇರಬೇಕಾದದ್ದು. ಅದನ್ನು ಎಂಬಿಕೆ (ಒಕ್ಕೂಟದ ಮುಖ್ಯ ಪುಸ್ತಕ ಬರೆಯುವವರು) ಒಬ್ಬರೇ ಕೂತು ತುಂಬಿಸುವ ಫಾರಂ ಆಗಲು ಬಿಡಬೇಡಿ. ಸಂಘದ ವಾರದ ಸಭೆಯಲ್ಲಿ ಓದಿಸಿ, ಒಂದು ಪ್ರತಿಯನ್ನು ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಮಂಡಿಸಿ, ಅಲ್ಲಿಂದ ಗ್ರಾಮ ಸಭೆಗೆ ಒಯ್ಯಿರಿ. 2021ರಿಂದ 26ರ ಅವಧಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಅವಧಿಯ ಕ್ರಿಯಾಯೋಜನೆಗಳನ್ನು ತೆಗೆಸಿ ಮಹಿಳಾ ಶೌಚಾಲಯದ ಟಾಕಿ, ಬಾಗಿಲು, ದುರಸ್ತಿಗೆ ಎಷ್ಟು ಹೋಯಿತೆಂದು ನೋಡಿದರೆ ನಿಮ್ಮ ಮುಂದಿನ ಮಾತಿಗೆ ಬುನಾದಿ ಸಿಗುತ್ತದೆ.

ಎರಡನೇ ಆರು ತಿಂಗಳಿಗೆ ಶಾಲೆಯ ಹಾಜರಾತಿ ಹಿಡಿಯಬಹುದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯದು. ಇದನ್ನು ಭಾಷಣದಲ್ಲಿ ಹೇಳಿ ಪ್ರಯೋಜನವಿಲ್ಲ. ನಿಮ್ಮ ಊರಿನ ಸಂಖ್ಯೆ ಬೇಕು, ಅದೂ ತಿಂಗಳುವಾರು. ನಾರಾಯಣಪುರ ಎಡದಂಡೆ ಕಾಲುವೆಯ ಭಾಗದಲ್ಲಿ ಹತ್ತಿ ಬಿಡಿಸುವ ಹೊತ್ತಿಗೆ, ಅಂದರೆ ಅಕ್ಟೋಬರಿನಿಂದ ಜನವರಿವರೆಗೆ, ಆರು-ಏಳನೇ ತರಗತಿ ದಾಟಿದ ಹುಡುಗಿಯರ ಹಾಜರಿ ಇಳಿಯುತ್ತದೆ. ತೊಗರಿ ಕೊಯ್ಲು ಡಿಸೆಂಬರ್-ಜನವರಿ, ಅದೂ ಇದರ ಮೇಲೇ ಬೀಳುತ್ತದೆ. ದಸರೆ ಮುಗಿದ ಮೇಲೆ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ಮನೆಗಳಲ್ಲಿ ಮುದುಕರ ಜೊತೆ ಉಳಿಯುವ ಹುಡುಗಿಯೇ ತಮ್ಮ-ತಂಗಿಯರ ತಾಯಿಯಾಗುತ್ತಾಳೆ. ಮುಖ್ಯಗುರುಗಳಿಂದ ಒಂದೇ ಸಂಖ್ಯೆ ಕೇಳಿ: ಈ ತಿಂಗಳು ವಾರಕ್ಕಿಂತ ಹೆಚ್ಚು ದಿನ ಸತತ ಬರದ ಹುಡುಗಿಯರು ಎಷ್ಟು, ಯಾವ ತರಗತಿ. ಹೆಸರಿನ ಪಟ್ಟಿ ಶಾಲೆಯಲ್ಲೇ ಇರಲಿ, ಸಭೆಗೆ ಬರುವುದು ಸಂಖ್ಯೆ ಮಾತ್ರ. ಹತ್ತಿ ಹಂಗಾಮಿನಲ್ಲಿ ಸಂಖ್ಯೆ ಏರಿದರೆ ಆಗ ಮಾಡುವ ಕೆಲಸ ಎರಡು. ಕೂಸು ಕಾಯಲು ಅಕ್ಕ ಮನೆಯಲ್ಲಿ ಉಳಿದಿದ್ದರೆ ಅಂಗನವಾಡಿ ಹೊತ್ತು ಮತ್ತು ಕೂಸಿನ ಮನೆಯ (ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಜಾಗ) ಬಗ್ಗೆ ಪಂಚಾಯಿತಿಯನ್ನು ಕೇಳುವುದು. 2023-24ರ ಬಜೆಟ್‌ನಲ್ಲಿ ರಾಜ್ಯದ 4,000 ಪಂಚಾಯಿತಿಗಳಿಗೆ ಕೂಸಿನ ಮನೆ ಘೋಷಣೆಯಾಯಿತು. ನಿಮ್ಮದರಲ್ಲಿ ಇದ್ದರೆ ಬಾಗಿಲು ತೆರೆಯುವ ಹೊತ್ತು ಯಾವುದು? ಹೊಲಕ್ಕೆ ಹೋಗುವವರು ಏಳಕ್ಕೇ ಮನೆ ಬಿಡುತ್ತಾರೆ. ಇನ್ನೊಂದು, ಹೊಲದ ಮಾಲೀಕರು ಮತ್ತು ಮೇಸ್ತ್ರಿಗಳ ಜೊತೆ ಮಾತು. ಇದನ್ನು ಉಪಾಧ್ಯಕ್ಷರೇ ಆಡಬೇಕು, ನಿಮಗೆ ಆಡಿಸಿ ಅವರು ದೂರ ನಿಲ್ಲಬಾರದು.

ಈಗ ನಿಮ್ಮ ಮನೆ ಬಾಗಿಲಿಗೆ ಬರುವ ಪ್ರಕರಣಗಳ ಮಾತು. ಇಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳ ಪ್ರಕರಣ ವಿಚಾರಣೆ ಆಗಬಾರದು. ನಿಮ್ಮದು ನ್ಯಾಯ ಪಂಚಾಯಿತಿ ಅಲ್ಲ. ಹೊಡೆತದ ಪ್ರಕರಣ ಸಮಿತಿಗೆ ಬಂದರೆ ಆಗುವುದು ರಾಜಿ, ರಾಜಿಯಾದ ರಾತ್ರಿ ಅವಳು ಅದೇ ಮನೆಗೆ ಹೋಗಬೇಕು. ಹುಡುಗಿಯ ಹೆಸರು ನಡಾವಳಿಗೆ ಬಂದರೆ ಅದು ಪಂಚಾಯಿತಿಗಳ ಪಂಚತಂತ್ರ ತಂತ್ರಾಂಶಕ್ಕೂ ಹೋಗಬಹುದು, ಊರಿಗೂ ಹೋಗುತ್ತದೆ. ನಿಮ್ಮ ಕೆಲಸ ಯಾವ ಪ್ರಕರಣ ಯಾವ ಬಾಗಿಲಿಗೆ ಎಂದು ತಿಳಿದು, ಅಲ್ಲಿಯವರೆಗೆ ಜೊತೆಗೆ ನಡೆಯುವುದು.

ಗಂಡನ ಅಥವಾ ಅತ್ತೆಮನೆಯವರ ಹೊಡೆತ ಬಡಿತಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ. ಮನೆಯಿಂದ ಹೊರಹಾಕದಂತೆ, ಹತ್ತಿರ ಬರದಂತೆ ಕೋರ್ಟ್ ಆದೇಶ ಕೊಡಬಹುದು. ರಾತ್ರಿ ಹೊತ್ತಿನ ಆಪತ್ತಿಗೆ 112, ಸಲಹೆ ಮತ್ತು ನೆರವಿಗೆ 181. ದೌರ್ಜನ್ಯಕ್ಕೆ ಸಿಕ್ಕ ಹೆಂಗಸರ ನೆರವಿಗಿರುವ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಉಳಿಯಲು ವ್ಯವಸ್ಥೆ ಇದೆ. ವಕೀಲರ ಖರ್ಚಿಗೆ ಹೆದರುವವರಿಗೆ ಒಂದು ಮಾತು ಹೇಳಿ: 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ, ಫೋನ್ 15100. ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಬಿದ್ದೆ ಎಂದು ಹೇಳದೆ ಹೊಡೆದರು ಎಂದೇ ಹೇಳಬೇಕು. ಆ ಚೀಟಿಯೇ ಮುಂದೆ ಸಾಕ್ಷಿ.

ಹತ್ತಿ ಮಿಲ್ಲಿನದು ಬೇರೆ ದಾರಿ. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಕಡ್ಡಾಯ, ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಜಿನ್ನಿಂಗ್ ಮಿಲ್ಲು, ಕಲಬುರಗಿಯ ಬೇಳೆ ಮಿಲ್ಲು, ಇಟ್ಟಿಗೆ ಭಟ್ಟಿ, ಅಂಗಡಿ, ಮನೆಗೆಲಸ ಎಲ್ಲವೂ ಇದರಡಿ ಬರುತ್ತವೆ. ನಿಮ್ಮ ಪಂಚಾಯಿತಿ ಕಚೇರಿಯ ಕಸಗುಡಿಸುವ ಅಕ್ಕ, ಡಾಟಾ ಎಂಟ್ರಿ ಮಾಡುವ ಹುಡುಗಿ ಕೂಡ. ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು, ದೂರು ಪಡೆದು ಏಳು ದಿನದೊಳಗೆ ಸ್ಥಳೀಯ ಸಮಿತಿಗೆ ಕಳಿಸುವುದು ಅವರ ಕೆಲಸ.

ದೂರು ಬರವಣಿಗೆಯಲ್ಲಿರಬೇಕು, ಘಟನೆ ನಡೆದ ಮೂರು ತಿಂಗಳೊಳಗೆ. ಪದೇ ಪದೇ ಕಾಡಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ತಡವಾದದ್ದಕ್ಕೆ ಕಾರಣವಿದ್ದರೆ ದೂರು ಕೇಳುವ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದವಳಿಗೆ ಬರೆದುಕೊಡುವುದು ಆ ಸಮಿತಿಯದೇ ಹೊಣೆ. ದೂರಿನ ಆರು ಪ್ರತಿ, ದಾಖಲೆ ಇದ್ದರೆ ಅದು, ಸಾಕ್ಷಿಗಳ ಹೆಸರು, ವಿಳಾಸ. ಆಮೇಲೆ ಏಳು ಕೆಲಸದ ದಿನಗಳಲ್ಲಿ ಎದುರುದಾರನಿಗೆ ಪ್ರತಿ ಹೋಗುತ್ತದೆ, ಅವನು ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿಚಾರಣೆ ನಡೆಯುವಾಗ ಅವಳು ಮೂರು ತಿಂಗಳವರೆಗೆ ರಜೆ ಅಥವಾ ಬೇರೆ ಕಡೆ ಕೆಲಸ ಕೇಳಬಹುದು. ವಕೀಲರು ಯಾರ ಪರವಾಗಿಯೂ ಬರುವಂತಿಲ್ಲ. ಅವಳೇ ಕೇಳಿದರೆ ಮಾತ್ರ ಸಂಧಾನ, ಅದರಲ್ಲೂ ದುಡ್ಡು ಕೊಟ್ಟು ಮುಗಿಸುವುದಕ್ಕೆ ಕಾಯ್ದೆಯಲ್ಲಿ ಜಾಗವಿಲ್ಲ. ಮನೆಗೆಲಸದವಳ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಮಿತಿ ಏಳು ದಿನದಲ್ಲಿ ಪೊಲೀಸರಿಗೆ ಕಳಿಸಬೇಕು. ಯಾವಾಗ ಬೇಕಾದರೂ ಅವಳು ನೇರ ಠಾಣೆಗೂ ಹೋಗಬಹುದು.

ಇಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅವಳು ಮೊದಲು ಮೇಸ್ತ್ರಿಗೆ ಹೇಳುತ್ತಾಳೆ, ಅವನು "ಹಬ್ಬ ಮುಗೀಲಿ" ಅನ್ನುತ್ತಾನೆ. ಆಮೇಲೆ ಊರ ಹಿರಿಯರಿಗೆ, ಅವರು "ಮಾಲೀಕರ ಕೂಡ ಮಾತಾಡ್ತೀವಿ" ಅನ್ನುತ್ತಾರೆ. ಮಾತಿನಲ್ಲೇ ಮೂರು ತಿಂಗಳು ಕಳೆಯುತ್ತದೆ. ಆದ್ದರಿಂದ ಅವಳು ನಿಮ್ಮ ಮನೆಗೆ ಬಂದ ದಿನವೇ ಘಟನೆಯ ದಿನಾಂಕ ಕೇಳಿ ಬರೆದಿಡಿ, ಕೊನೆಯ ದಿನ ಯಾವುದೆಂದು ಅವಳಿಗೆ ಹೇಳಿ. ನಿಮ್ಮ ಸಾಮಾಜಿಕ ನ್ಯಾಯ ಸಮಿತಿ ಮಾಡಬೇಕಾದ್ದು ಇನ್ನೊಂದು: ಜಿಲ್ಲೆಯ ಸ್ಥಳೀಯ ಸಮಿತಿಯ ಅಧ್ಯಕ್ಷೆ ಯಾರು, ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು, ಅವರ ಕಚೇರಿ ಫೋನ್ ಯಾವುದು ಎಂದು ಪಿಡಿಒ ಮೂಲಕ ಪತ್ರ ಬರೆದು ತರಿಸಿ ಪಂಚಾಯಿತಿ ಗೋಡೆಗೆ ಬರೆಸುವುದು. ಎಲ್ಲ ಜಿಲ್ಲೆಗಳಲ್ಲೂ ಈ ಸಮಿತಿಗಳು 2025ರ ಜನವರಿ 31ರೊಳಗೆ ಇರಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಹಾಗಾಗಿ "ಅಂಥದ್ದು ನಮ್ಮಲ್ಲಿಲ್ಲ" ಎಂಬ ಉತ್ತರ ಈಗ ನಡೆಯುವುದಿಲ್ಲ.

ಬಾಲ್ಯವಿವಾಹದಲ್ಲಿ ಲಗ್ನದ ದಿನ ಓಡಿಹೋಗುವುದಕ್ಕಿಂತ ಮೊದಲಿನ ಎರಡು ತಿಂಗಳ ಕೆಲಸ ಹೆಚ್ಚು ಫಲ ಕೊಡುತ್ತದೆ. ನಮ್ಮ ಭಾಗದಲ್ಲಿ ಸುಗ್ಗಿ ಮುಗಿದು, ದುಡಿಯಲು ಹೋದವರು ಊರಿಗೆ ಬಂದು, ಬಸವ ಜಯಂತಿ-ಅಕ್ಷಯ ತೃತೀಯದ ಆಸುಪಾಸು ಲಗ್ನಗಳು ಕೂಡುತ್ತವೆ. ಫೆಬ್ರವರಿಯಲ್ಲೇ ಶಾಲೆ ಬಿಟ್ಟ, ಹದಿನೆಂಟು ತುಂಬದ ಹುಡುಗಿಯರ ಮನೆಗಳಿಗೆ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಒಂದು ಸುತ್ತು ಹಾಕಲಿ. ವಯಸ್ಸಿಗೆ ಶಾಲಾ ದಾಖಲೆ ಅಥವಾ ಜನನ ಪ್ರಮಾಣಪತ್ರ ನೋಡಬೇಕು, ತಿದ್ದಿಸಿದ ಆಧಾರ್ ತೋರಿಸಿದರೆ ಒಪ್ಪಬೇಡಿ. ಸುದ್ದಿ ಖಚಿತವಾದರೆ ಮಕ್ಕಳ ಸಹಾಯವಾಣಿ 1098. ಲಗ್ನಕ್ಕೆ ಇನ್ನೂ ದಿನವಿದ್ದರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ತಡೆಯಾಜ್ಞೆ ಕೈಗೆ ಬಂದರೆ ಶಾಮಿಯಾನದವನು, ಅಡುಗೆಯವನು ತಾವಾಗಿಯೇ ಹಿಂದೆ ಸರಿಯುತ್ತಾರೆ. ಕರ್ನಾಟಕದ ತಿದ್ದುಪಡಿಯಂತೆ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಇದನ್ನು ತಂದೆಗೆ ಬೆದರಿಕೆಯಂತೆ ಹೇಳದೆ ಲೆಕ್ಕದಂತೆ ಹೇಳಿ: ಖರ್ಚು ಮಾಡಿ ಮಾಡಿದ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡುವುದು ದೊಡ್ಡ ತಪ್ಪು. ಬರೆದುಕೊಟ್ಟ ಮನೆಯವರು ಹುಡುಗಿಯನ್ನು ಗಡಿಯಾಚೆಯ ಬೀಗರೂರಿಗೆ ಒಯ್ದು ತಾಳಿ ಕಟ್ಟಿಸಿ ತರುತ್ತಾರೆ. ಮುಚ್ಚಳಿಕೆಯ ಮೇಲೆ ಹದಿನೈದು ದಿನಕ್ಕೊಮ್ಮೆ ಹುಡುಗಿಯನ್ನು ಕಣ್ಣಾರೆ ನೋಡಿಬರುವವರ ಹೆಸರು ಇರಬೇಕು. ಹದಿನೆಂಟು ತುಂಬದ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ ಮಾತ್ರ ಇದಾವ ಲೆಕ್ಕವೂ ಇಲ್ಲ, ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ ಅದೇ ಅಪರಾಧ.

ಸಭೆಯಲ್ಲಿ ಸದಸ್ಯೆಯ ಗಂಡ ಬಂದು ಕೂರುವ ವಿಷಯ ನೀವು ಬರೆದಿಲ್ಲ, ಆದರೆ ಬರುತ್ತದೆ. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎಂದು 2010ರಿಂದ ಕಾಯ್ದೆ ಇದೆ, ಗಂಡಂದಿರಿಗೆ ಅದರಲ್ಲಿ ಸ್ಥಾನವಿಲ್ಲ. ಎದುರಾಬದುರು ಹೇಳಲು ಮುಜುಗರವಾದರೆ ಹಾಜರಾತಿ ಪುಸ್ತಕವನ್ನು ಅವರ ಕಡೆಗೂ ಸರಿಸಿ, "ಅಣ್ಣಾರೆ, ನೀವ್ಯಾವ ಕಲಂದಾಗ ಸಹಿ ಮಾಡ್ತೀರಿ?" ಎಂದು ಕೇಳಿ.

ಪಂಚಾಯಿತಿಯಿಂದ ಉತ್ತರವೇ ಬರದಿದ್ದರೆ ಮೂರು ಸಭೆ ಕಾಯಿರಿ, ಆಮೇಲೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ನಿರ್ಣಯಗಳ ಪ್ರತಿ ಜೋಡಿಸಿ ಪತ್ರ ಬರೆಯಿರಿ. ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕು: ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ದೀಪ, ಟಾಕಿ, ಅಂಗನವಾಡಿ ಮೂರನ್ನೂ ಒಂದರಲ್ಲಿ ತುಂಬಿದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ.

ಇನ್ನು ಮಾರ್ಚ್ 8. ಶಾಮಿಯಾನ, ಶಾಲು, ಹಾರ, ರಂಗೋಲಿ ಸ್ಪರ್ಧೆ ಬೇಡವೆನ್ನುವುದಿಲ್ಲ, ಊರಿಗೆ ಒಂದು ದಿನ ಸಡಗರ ಇರಲಿ. ಆದರೆ ಅದೇ ದಿನ ಅದೇ ಶಾಮಿಯಾನದಲ್ಲಿ ಮಹಿಳಾ ಗ್ರಾಮ ಸಭೆ ಇಡಿ. ಆ ಹೊತ್ತಿಗೆ ಹಿಂಗಾರಿ ಜೋಳದ ಕೊಯ್ಲು, ರಾಶಿ ನಡೆದಿರುತ್ತದೆ, ಬೆಳಗಿನ ಹನ್ನೊಂದಕ್ಕೆ ಕರೆದರೆ ಬರುವವರು ಅಂಗನವಾಡಿ ಟೀಚರು ಮತ್ತು ಆಶಾ ಮಾತ್ರ. ಸಂಜೆ ನಾಲ್ಕೂವರೆಗೆ ಇಡಿ, ಏಳು ದಿನ ಮೊದಲೇ ನೋಟಿಸ್, ಹಿಂದಿನ ದಿನ ತಾಂಡಾಕ್ಕೂ ಹೋಗಿ ಡಂಗುರ. ಭಾಷಣ ಇಬ್ಬರದೇ ಸಾಕು. ಪಾಲನಾ ವರದಿಯನ್ನು, ಅಂದರೆ ಯಾವ ಕಂಬ ಹತ್ತಿತು, ಯಾವುದು ಹತ್ತಲಿಲ್ಲ ಎಂಬುದನ್ನು, ಪಿಡಿಒ ಅವರೇ ಓದಲಿ. ಮುಂದಿನ ವರ್ಷದ ಬೇಡಿಕೆಯನ್ನು ಓಣಿವಾರು ಬರೆಸಿ. ಖರ್ಚು ಕಡಿತ ಮಾಡಬೇಕಾಗಿ ಬಂದರೆ ಶಾಲು ಹಾರ ಬಿಡಿ, ಕೈಯಲ್ಲಿ ಹಿಡಿಯುವ ಮೈಕ್ ಬಿಡಬೇಡಿ. ಅದನ್ನು ವೇದಿಕೆಯಿಂದ ಇಳಿಸಿ ಹಿಂದಿನ ಸಾಲಿಗೆ ಒಯ್ಯಲು ಒಬ್ಬ ಹುಡುಗಿಯನ್ನು ನಿಲ್ಲಿಸಿ, ನಡಾವಳಿ ಬರೆಯುವ ಕಾರ್ಯದರ್ಶಿಯ ಕುರ್ಚಿಯನ್ನೂ ಅಲ್ಲೇ ಹಾಕಿಸಿ.